ಧೂಮಕೇತುವಿನ ಮುಂದಿದ್ದ ಗೀರು

ರಾಜಾಜಿನಗರ
6-2-1957

ಹಾಗಾದರೆ ಬಾಕ್ಸ್ ಕ್ಯಾಮೆರಾ ಬೇಡವೇ ಬೇಡ ಅಂತೀರಾ? ಯಾಕೆ ಬೇಡ ಅಂತ ಒಂದು ಮಾತಾದರೂ ಬರೆಯಬಾರದಾ ಅಪ್ಪ? ನಾನು ನಾಲ್ಕು ಪುಟ ಬರೆದೆ. ನಿಮ್ಮ ಕಾರ್ಡಿನಲ್ಲಿ ಇದ್ದದ್ದು ನಾಲ್ಕೇ ಪದ. "ಬಾಕ್ಸ್ ಕ್ಯಾಮೆರಾ ಬೇಡ. ಕ್ಷೇಮ." ಕ್ಷೇಮ ಯಾರದು? ನಿಮ್ಮದಾ, ಕ್ಯಾಮೆರಾದ್ದಾ?

ಇರಲಿ. ನೀವು ಮನೆ ಬಿಟ್ಟು ಹಾಸನಕ್ಕೆ ಹೋಗಿ ಹದಿನಾಲ್ಕು ತಿಂಗಳಾಯಿತು, ಇದು ಮೊದಲನೇ ಕಾರ್ಡು. ನಾಲ್ಕು ಪದಕ್ಕೇ ಖುಷಿಪಟ್ಟು ಊಟದ ಬೆಲ್ಲು ಹೊಡೆದದ್ದು ಕೇಳಿಸದೆ ಕೂತಿದ್ದೆ. ಅಮ್ಮನಿಗೆ ತೋರಿಸಿಲ್ಲ. ಇನ್ನು ಮುಂದೆಯೂ ಕಾರ್ಖಾನೆಯ ವಿಳಾಸಕ್ಕೇ ಬರೆಯಿರಿ.

ನನ್ನ ಹಿಂದಿನ ಕಾಗದವನ್ನು ನೀವು ಅರ್ಧಕ್ಕೇ ಮಡಿಸಿ ಇಟ್ಟಿರಬಹುದು. ಅದಕ್ಕೆ ಮತ್ತೆ ಹೇಳುತ್ತೇನೆ. ಏಪ್ರಿಲ್ ಕೊನೆಯಲ್ಲಿ ಧೂಮಕೇತು ಬರುತ್ತದಂತೆ. ಬರಿಗಣ್ಣಿಗೇ ಕಾಣುತ್ತದಂತೆ, ಸಂಜೆ ಹೊತ್ತು, ವಾಯವ್ಯದಲ್ಲಿ. ಪೇಪರಿನಲ್ಲಿ ನಾಲ್ಕು ಸಾಲು ಬಂದಿತ್ತು, ಕತ್ತರಿಸಿ ನನ್ನ ಟಿಫನ್ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದೇನೆ. ಒಂದು ವಾರ ಇರುತ್ತದೆ, ಆಮೇಲೆ ಹೊರಟರೆ ನಮ್ಮ ಮೊಮ್ಮಕ್ಕಳಿಗೂ ಸಿಗುವುದಿಲ್ಲವಂತೆ. ನನಗೆ ಅದರ ಫೋಟೋ ಬೇಕು. ಪೇಪರಿನವರು ತೆಗೆದದ್ದಲ್ಲ, ನಾನೇ ತೆಗೆದದ್ದು.

ನನ್ನ ಹತ್ತಿರ ಎಪ್ಪತ್ತೈದು ರೂಪಾಯಿ ಇದೆ. ತಂತಿ ಸುತ್ತುವ ಕೆಲಸದಲ್ಲಿ ಒಂದೂವರೆ ವರ್ಷ ಉಳಿಸಿದ್ದು. ಇನ್ನೊಂದು ಕಾಸೂ ಇಲ್ಲ. ಹೊಸ ಬಾಕ್ಸ್ ಕ್ಯಾಮೆರಾ ಇಪ್ಪತ್ತೆಂಟಕ್ಕೆ ಬರುತ್ತದೆ ಅಂತ ಕುಣಿದಿದ್ದೆ, ನೀವು ಬೇಡ ಅಂದಿರಿ. ಮಡಿಸುವ ಕ್ಯಾಮೆರಾಕ್ಕೆ ನೂರಾ ಹತ್ತು ಹೇಳುತ್ತಾರೆ. ಒಬ್ಬರು ಹಿತ್ತಾಳೆ ದುರ್ಬೀನು ಇದೆ, ತೊಂಬತ್ತಕ್ಕೆ ಕೊಡುತ್ತೇನೆ ಅಂದರು. ಯಾವುದಕ್ಕೆ ಕೈ ಹಾಕಲಿ? ಇಪ್ಪತ್ತೆಂಟು ವರ್ಷ ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದಿದವರ ಮಗಳು ಹೋಗಿ ಪಕ್ಕದ ಮನೆಯವರನ್ನು ಕೇಳಲಾ?

ಕೆಂಗೇರಿಯವರ ವಿಷಯ ಎತ್ತುವುದಿಲ್ಲ. ಮನೆಗೆ ಯಾವಾಗ ಬರುತ್ತೀರಿ ಅಂತಲೂ ಕೇಳುವುದಿಲ್ಲ. ಕೇಳಬೇಕು ಅಂತ ತುಂಬಾ ಇದೆ, ಆದರೆ ಕೇಳಿದರೆ ನೀವು ಇದಕ್ಕೂ ಉತ್ತರ ಬರೆಯುವುದಿಲ್ಲ. ಇದು ಬರೀ ಕ್ಯಾಮೆರಾ ವಿಷಯ.

ನಿಮ್ಮ ಮಗಳು,
ಚಿಕ್ಕಗಂಗಮ್ಮ (ಗಂಗು)


ಹಾಸನ
15-2-1957

ಗಂಗು,

ಬಾಕ್ಸ್ ಕ್ಯಾಮೆರಾದ ಕಣ್ಣು ಸಣ್ಣದು. ಬಿಸಿಲಿನಲ್ಲಿ ನಿಂತ ಮದುಮಕ್ಕಳಿಗೆ ಸಾಕು. ಕತ್ತಲೆಗೆ ಸಾಲದು. ದುರ್ಬೀನು ಮುಟ್ಟಬೇಡ. ಕೊಂಡವರು ಒಂದು ತಿಂಗಳು ಚಂದ್ರನನ್ನು ನೋಡಿ ಆಮೇಲೆ ಗೋಡೆಗೆ ನೇತುಹಾಕುತ್ತಾರೆ.

ದುಡ್ಡು ಕಡಿಮೆ ಇದ್ದಾಗ ಇಡೀ ಕ್ಯಾಮೆರಾ ಕೊಳ್ಳಬಾರದು. ಲೆನ್ಸ್ ಮಾತ್ರ ಕೊಳ್ಳಬೇಕು. ಉಳಿದದ್ದೆಲ್ಲ ಮರದ ಪೆಟ್ಟಿಗೆ. ಅದನ್ನು ನಿನ್ನ ಸೋದರಮಾವ ಮುನಿಯಣ್ಣ ಮಾಡಬಲ್ಲ. ಗಾಡಿ ಮಾಡುವವನಿಗೆ ಪೆಟ್ಟಿಗೆ ದೊಡ್ಡದಲ್ಲ.

ಭಾನುವಾರ ಗುಜರಿ ಬಜಾರಿಗೆ ಹೋಗು. ಯುದ್ಧದ ಕಾಲದ ಹಳೇ ಸಾಮಾನು ಮಾರುವವರ ಹತ್ತಿರ ಕೇಳು. ಆರು ಇಂಚಿನ ಲೆನ್ಸ್ ಸಿಕ್ಕಿದರೆ ಅದರ ಬಾಯಿ ಒಂದೂಕಾಲು ಇಂಚಿಗೆ ಕಡಿಮೆ ಇರಬಾರದು. ಆರು ಇಂಚು ಹೌದೋ ಅಲ್ಲವೋ ತಿಳಿಯಲು ದೂರದ ತೆಂಗಿನಮರವನ್ನು ಲೆನ್ಸಿನಿಂದ ಬಿಳಿ ಕಾಗದದ ಮೇಲೆ ಬೀಳಿಸಿ ಅಳೆ. ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಇದೆಯಾ ನೋಡು. ಜೇಡರ ಬಲೆಯ ಹಾಗೆ ಇರುತ್ತದೆ. ಮೇಲಿನ ಗೀರಿಗೆ ಹೆದರಬೇಡ, ಒಳಗಿನ ಬೂಷ್ಟಿಗೆ ಹೆದರು.

ಊಟದ ಬೆಲ್ಲಿಗೆ ಏಳು.

ಅಂಜಿನಯ್ಯ


ರಾಜಾಜಿನಗರ
4-3-1957

ಅಪ್ಪ, ಸಿಕ್ಕಿತು!

ನಿನ್ನೆ ಗುಜರಿಗೆ ಹೋಗಿದ್ದೆ, ಮುನಿಯಣ್ಣ ಮಾವನ ಜೊತೆ. ಮೂರನೇ ಸಾಲಿನಲ್ಲಿ ಒಬ್ಬರು ವಯಸ್ಸಾದ ಸಾಬರು, ಮುಂದೆ ಬೀಗ, ಫ್ಯಾನಿನ ರೆಕ್ಕೆ, ಸೈನಿಕರ ಬೂಟು. ಮಧ್ಯದಲ್ಲಿ ಇದು, ಕಪ್ಪು ಬಣ್ಣದ ದಪ್ಪ ಕೊಳವೆ. ನಾನು ಎತ್ತಿ ಬೆಳಕಿಗೆ ಹಿಡಿದೆ.

"ಏರೋಪ್ಲೇನ್ ಲೆನ್ಸ್ ಬೇಟಿ. ಲಡಾಯಿ ಟೈಮಲ್ಲಿ ಮೇಲಿಂದ ಕೆಳಗೆ ನೋಡ್ತಿತ್ತು."

"ಇನ್ಮೇಲೆ ಕೆಳಗಿಂದ ಮೇಲೆ ನೋಡ್ಬೇಕು ಸಾಬ್ರೆ. ಎಷ್ಟು?"

"ಅರವತ್ತು."

"ಮೂವತ್ತು."

"ಮೂವತ್ತಕ್ಕೆ ಮುಚ್ಚಳ ಬರ್ತದೆ, ಲೆನ್ಸ್ ಬರಲ್ಲ."

"ಹಂಗಾದ್ರೆ ಮುಚ್ಚಳ ನೀವೇ ಇಟ್ಕೊಂಡು ಲೆನ್ಸ್ ಕೊಡಿ."

ಅವರು ನಕ್ಕರು. ನಾನು ಗಂಟೆಹೊತ್ತು ಬಿಡಲಿಲ್ಲ. ಎದುರಿನ ಹಳೇ ಗೋಪುರವನ್ನು ಕಾಗದದ ಮೇಲೆ ಬೀಳಿಸಿದೆ, ತಲೆಕೆಳಗಾಗಿ ಎಷ್ಟು ಚೆಂದ ಬಂತು ಗೊತ್ತಾ! ಅಳೆದರೆ ಆರು ಇಂಚಿಗೆ ಕೂದಲೆಳೆ ಹೆಚ್ಚು. ಬಾಯಿ ಒಂದೂಕಾಲಿನ ಮೇಲೆ. ಬೂಷ್ಟು ಇಲ್ಲ. ಅಂಚಿನಲ್ಲಿ ಒಂದು ಗೀರು ಇದೆ, ಹೆದರಲಿಲ್ಲ. ಸಾಬರು ನೋಡುತ್ತಲೇ ಇದ್ದರು.

"ಹಿಂಗೆ ನೋಡೋದು ಯಾರು ಹೇಳ್ಕೊಟ್ರು?"

"ನಮ್ಮಪ್ಪ."

"ಕೆಲ್ಸ ತಿಳಿದೋರು. ಎಲ್ಲವ್ರೆ?"

"ಹಾಸನದಲ್ಲಿ."

"ಬಂದಾಗ ಕರ್ಕೊಂಡ್ ಬಾ. ಚಾಯ್ ಕುಡಿಸ್ತೀನಿ."

ನಾನು ಹೂಂ ಅಂದೆ. ಮಾವ ಆ ಕಡೆ ತಿರುಗಿ ಬೂಟು ನೋಡತೊಡಗಿದ. ನಲವತ್ತೆರಡು ರೂಪಾಯಿಗೆ ಮುಗಿಯಿತು, ಮುಚ್ಚಳವೂ ಸೇರಿ.

ಶಟರ್ ಇಲ್ಲ. ಮುಚ್ಚಳ ತೆಗೆದು, ಎಣಿಸಿ, ಹಾಕಿದರೆ ಆಯಿತು ಅಲ್ಲವಾ? ಫಿಲಮ್ಮಾ, ಗಾಜಿನ ಪ್ಲೇಟಾ? ಪ್ಲೇಟಾದರೆ ಅದನ್ನು ಹಿಡಿಯುವ ಚೌಕಟ್ಟು ಎಲ್ಲಿ ಸಿಗುತ್ತದೆ? ಬೇಗ ಬರೆಯಿರಿ. ನಾಲ್ಕಕ್ಕಿಂತ ಹೆಚ್ಚು ಪದ ಇರಲಿ.

ಗಂಗು


ಹಾಸನ
11-3-1957

ಗಂಗು,

ಲೆನ್ಸ್ ಒಳ್ಳೆಯದು. ನಲವತ್ತೆರಡು ಹೆಚ್ಚಲ್ಲ.

ಗಾಜಿನ ಪ್ಲೇಟೇ ತೆಗೆದುಕೋ. ಫಿಲಮ್ಮು ಬಾಗುತ್ತದೆ, ಗಾಜು ಬಾಗುವುದಿಲ್ಲ. ವೇಗದ ಪ್ಲೇಟು ಕೇಳು, ಮಂದ ಬೆಳಕನ್ನೂ ಬೇಗ ಹಿಡಿಯುವಂಥದು. ಚೌಕಟ್ಟು ಕೊಳ್ಳಬೇಡ. ನನ್ನವು ಮೂರು ಇವೆ. ಮಂಚದ ಕೆಳಗಿನ ಟ್ರಂಕಿನಲ್ಲಿ, ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ.

ಬೀಗದ ಕೈ ನಿಮ್ಮಮ್ಮನ ಹತ್ತಿರ ಇದೆ. ಕೇಳಬೇಕಾಗುತ್ತದೆ.

ಅಂಜಿನಯ್ಯ


ರಾಜಾಜಿನಗರ
3-4-1957

ಅಪ್ಪ,

ಕೇಳಿದೆ. ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ಟ್ರಂಕಿನ ಬೀಗದ ಕೈ ಯಾಕೆ?"

"ಅಪ್ಪನ ಪ್ಲೇಟಿನ ಚೌಕಟ್ಟು ಬೇಕಮ್ಮ."

"ಯಾವ್ ಅಪ್ಪ?"

"ನನಗಿರೋದು ಒಬ್ರೇ ಅಲ್ವೇನಮ್ಮ."

ಜರಡಿ ನಿಂತಿತು. "ಕಾಗ್ದ ಬರೀತಿದೀಯ ಅವ್ರಿಗೆ?"

"ಹೂಂ. ಕ್ಯಾಮೆರಾ ವಿಷ್ಯ ಮಾತ್ರ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಾಗಿತ್ತು. ನಿಧಾನವಾಗಿ ಹೇಳಿದಳು: "ಮೂರನೇ ವರ್ಷದಲ್ಲಿ ನಿಂಗೆ ಸಿಡುಬು ಎದ್ದಾಗ ಇಪ್ಪತ್ತೊಂದು ದಿನ ಬೇವಿನ ಸೊಪ್ಪು ಹಿಡ್ಕೊಂಡು ಕೂತಿದ್ದೆ ಕಣೇ. ಬದುಕಿಸ್ಕೊಂಡಿದ್ದು ಈ ಮುಖಾನ. ನಿಮ್ಮಪ್ಪ ಅದನ್ನ ಬೆಣ್ಣೆ ಸವರ್ದಂಗೆ ಮಾಡಿ ಕೆಂಗೇರಿಯವ್ರಿಗೆ ಫೋಟೋ ಕಳ್ಸಿದ್ರು. ಅವ್ರು ಹೆಣ್ಣು ನೋಡೋಕೆ ಬಂದು ಕೂತ್ಕೊಂಡು ಏನಂದ್ರು? 'ಫೋಟೋದಾಗಿರೋ ಹುಡ್ಗೀನ ಕರೀರಿ' ಅಂದ್ರು. ನೀನು ಕಾಫಿ ತಟ್ಟೆ ಹಿಡ್ಕೊಂಡು ಅವ್ರ ಮುಂದೇನೇ ನಿಂತಿದ್ದೆ."

ಆಮೇಲೆ ಸೆರಗಿನ ತುದಿಯಿಂದ ಬೀಗದ ಕೈ ಬಿಚ್ಚಿ ಹಿಟ್ಟಿನ ಮೊರದ ಮೇಲೆ ಇಟ್ಟಳು. "ತಗೊ. ನಿನ್ನ ಆಕಾಶಕ್ಕಾದ್ರೂ ಉಪ್ಯೋಗಕ್ಕೆ ಬರ್ಲಿ."

ಎತ್ತುವುದಿಲ್ಲ ಅಂತ ಮಾತು ಕೊಟ್ಟಿದ್ದ ವಿಷಯ ಬಂದುಬಿಟ್ಟಿತು. ಎತ್ತಿದ್ದು ನಾನಲ್ಲ, ಅಮ್ಮ. ಚೌಕಟ್ಟುಗಳ ಕೆಳಗೆ ನನ್ನ ಆ ನೆಗೆಟಿವ್ ಕೂಡ ಇತ್ತು. ಕಿಟಕಿಗೆ ಹಿಡಿದು ನೋಡಿದೆ. ಕೆನ್ನೆಯ ಮೇಲೆಲ್ಲ ನಿಮ್ಮ ಪೆನ್ಸಿಲ್ಲು, ಸಾಸಿವೆಗಿಂತ ಸಣ್ಣ ಸಣ್ಣ ಗೆರೆ. ಎಷ್ಟು ದಿನ ಕೂತಿದ್ದಿರಿ ಅಪ್ಪ ಅದಕ್ಕೆ?

ಈಗ ಮುಖ್ಯ ವಿಷಯ. ಭೂಮಿ ತಿರುಗುತ್ತದಲ್ಲ, ಅದರಿಂದ ಒಂದು ನಿಮಿಷ ಮುಚ್ಚಳ ತೆಗೆದಿಟ್ಟರೂ ನಕ್ಷತ್ರ ಎಳೆದ ಗೆರೆಯ ಹಾಗೆ ಬರುತ್ತದೆ. ಕ್ಯಾಮೆರಾ ಕೂಡ ಆಕಾಶದ ಜೊತೆ ತಿರುಗಬೇಕು. ಅದಕ್ಕೆ ಎರಡು ಹಲಗೆ, ಮಧ್ಯೆ ಬಾಗಿಲಿನ ಕೀಲು, ಕೀಲಿನಿಂದ ಹನ್ನೊಂದೂವರೆ ಇಂಚು ದೂರಕ್ಕೆ ಕಾಲಿಂಚಿನ ಬೋಲ್ಟು. ಇಂಚಿಗೆ ಇಪ್ಪತ್ತು ಸುತ್ತಿನದು. ಲೆಕ್ಕ ಹಾಕಿದೆ: ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು ತಿರುಗಿಸಿದರೆ ಹಲಗೆ ಆಕಾಶದಷ್ಟೇ ಏಳುತ್ತದೆ! ದಿನಕ್ಕೆ ಸಾವಿರಾರು ಸುತ್ತು ತಂತಿ ಸುತ್ತುವವಳಿಗೆ ಐದು ಸುತ್ತು ಯಾವ ಲೆಕ್ಕ?

ಕೀಲು ಧ್ರುವನ ಕಡೆ ಮುಖ ಮಾಡಿರಬೇಕು. ಕಾರ್ಖಾನೆಯ ವಾಚನಾಲಯದಲ್ಲಿ ಒಂದು ಇಂಗ್ಲಿಷ್ ಮ್ಯಾಗಜೀನಿನಲ್ಲಿ ಹೀಗೇ ಓರೆ ಇಡುವ ಪೀಠದ ಚಿತ್ರ ಇತ್ತು. ಅಳತೆ ತಪ್ಪದ ಹಾಗೆ ನಕಲು ಮಾಡಿ ಮಾವನಿಗೆ ಕೊಟ್ಟೆ. ಅವನು ಹುಣಸೆ ಮರದಲ್ಲಿ ಅದ್ಭುತವಾಗಿ ಮಾಡಿದ. ಲಗ್ಗೆರೆ ಕೆರೆ ಏರಿ ಮೇಲೆ ತಂದಿಟ್ಟೆವು. ಕೀಲು ನೋಡಿದರೆ ಅರ್ಧ ಆಕಾಶದಲ್ಲಿ ಎಲ್ಲಿಗೋ ಮುಖ ಮಾಡಿದೆ. ಧ್ರುವ ನಕ್ಷತ್ರ ಕೆಳಗೆ, ಪೀಣ್ಯದ ಕಡೆಯ ಮರಗಳ ನೆತ್ತಿಗೆ ತಾಗಿಕೊಂಡಿದೆ.

ಮಾವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ. "ಯಾವೂರಿನ ಧ್ರುವ ಕಣವ್ವ ಇದು?"

"ಲಂಡನ್ನಿಂದು ಇರ್ಬೇಕು ಮಾವ."

"ಅವ್ರ ಧ್ರುವ ಅಟ್ಟದ ಮೇಲೆ ಕೂತವ್ನೆ. ನಮ್ಮೋನು ಜಗಲಿ ಮೇಲೆ. ಮೊದ್ಲೇ ಹೊರಗ್ ಬಂದು ನೋಡೋದ್ ಬಿಟ್ಟು ಕಾಗ್ದ ನೋಡಿದ್ದೀಯ."

ನಮ್ಮೂರಿಗೆ ಹದಿಮೂರು ಡಿಗ್ರಿ ಸಾಕಂತೆ, ಆ ಚಿತ್ರದಲ್ಲಿ ಐವತ್ತೆರಡು ಇತ್ತು. ಈಗ ಕೊಯ್ದು ಸರಿಮಾಡಿದ್ದಾನೆ, ಆದರೆ ಊರಿನವರಿಗೆಲ್ಲ ಹೇಳಿ ನಗುತ್ತಿದ್ದಾನೆ.

ಮೊನ್ನೆಯಿಂದ ನಯಾ ಪೈಸೆ ಬಂದಿದೆ. ಪ್ಲೇಟಿನ ಅಂಗಡಿಯವನು ಆಣೆಯಲ್ಲಿ ಹೇಳಿ ಪೈಸೆಯಲ್ಲಿ ಚಿಲ್ಲರೆ ಕೊಟ್ಟ. ಮೋಸ ಹೋದೆನೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ.

ಪ್ಲೇಟು ತೊಳೆದು ಚಿತ್ರ ಮೂಡಿಸುವವರು ಯಾರು? ಇಲ್ಲಿಯ ಸ್ಟುಡಿಯೋದವರು "ಕತ್ಲೆ ಫೋಟೋನಾ? ಖಾಲಿ ಬರ್ತದೆ, ಬಿಸಾಕ್ತೀವಿ" ಅಂದರು. ನಿಮಗೇ ಕಳಿಸಲಾ?

ಗಂಗು


ಹಾಸನ
10-4-1957

ಗಂಗು,

ನೆಗೆಟಿವ್ ವಿಷಯ ಬರೆದಿದ್ದೀಯ. ಓದಿದೆ.

ಪ್ಲೇಟು ಕಟ್ಟುವ ಕ್ರಮ ಹೀಗೆ. ಪೂರ್ತಿ ಕತ್ತಲೆಯಲ್ಲಿ ಚೌಕಟ್ಟಿನಿಂದ ತೆಗೆ. ಎರಡು ಪ್ಲೇಟಿನ ಲೇಪದ ಮುಖಗಳನ್ನು ಎದುರುಬದುರು ಇಟ್ಟು ನಡುವೆ ಅಂಚಿಗೆ ಮಾತ್ರ ಕಾಗದದ ಪಟ್ಟಿ ಕೊಡು. ಕಪ್ಪು ಕಾಗದ ಮೂರು ಸುತ್ತು. ತಗಡಿನ ಡಬ್ಬಿಗೆ ಹತ್ತಿ ತುಂಬು. ಡಬ್ಬಿಯ ಮೇಲೆ "ತೆರೆಯಬಾರದು" ಅಂತ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆ.

ಒಂದೇ ನೋಟವನ್ನು ಎರಡು ಪ್ಲೇಟಿಗೆ ತೆಗೆ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ.

ನನಗೇ ಕಳಿಸು. ಬೇರೆ ಯಾರಿಗೂ ಕೊಡಬೇಡ.

ಅಂಜಿನಯ್ಯ


ರಾಜಾಜಿನಗರ
28-4-1957

ಅಪ್ಪ,

ನೋಡಿದಿರಾ? ನೋಡಿಯೇ ಇರುತ್ತೀರಿ. ಹಾಸನದಲ್ಲೂ ಅದೇ ಆಕಾಶ ತಾನೇ.

ಇಪ್ಪತ್ತೈದನೇ ತಾರೀಖು, ಗುರುವಾರ. ಕಾರ್ಖಾನೆಯಿಂದ ನೇರ ಲಗ್ಗೆರೆಗೆ ಹೋದೆ. ಕೆರೆ ಏರಿಯ ಮೇಲೆ ಮಾವನ ಪಕ್ಕದಲ್ಲಿ ಕೂತಿದ್ದವರು ಯಾರು ಅಂದುಕೊಂಡಿರಿ? ಅಮ್ಮ! "ಪೆಟ್ಟಿಗೆ ಹೊತ್ಕೊಂಡು ಬರೋಕೆ ಮಾವಂಗೆ ಬೆನ್ನು ನೋವಂತೆ" ಅಂದಳು. ಪೆಟ್ಟಿಗೆ ಎರಡು ಸೇರು ಅಕ್ಕಿಯಷ್ಟು ತೂಕ ಇಲ್ಲ.

ಸೂರ್ಯ ಮುಳುಗಿ ಮುಕ್ಕಾಲು ಗಂಟೆಗೆ ವಾಯವ್ಯದಲ್ಲಿ ಕಂಡಿತು. ಮೊದಲು ಯಾರೋ ಬೆರಳಿನಿಂದ ಒರೆಸಿದ ಹಾಗೆ. ಕತ್ತಲಾದಂತೆ ಬಾಲ ಉದ್ದವಾಯಿತು. ಊರಿನವರು ಐದಾರು ಜನ ಬಂದರು. "ಧೂಮಕೇತು ಬಂದ್ರೆ ರಾಜನಿಗೆ ಕೇಡು" ಅಂತ ಒಬ್ಬ ಅಜ್ಜಿ ಶುರುಮಾಡಿದರು. ಮಾವ, "ರಾಜ್ರೇ ಗವರ್ನರ್ ಆಗವ್ರೆ, ಇನ್ಯಾರನ್ನ ಹುಡ್ಕೊಂಡ್ ಬರ್ತದೆ ಬಿಡಜ್ಜಿ" ಅಂದ.

ಅಮ್ಮನ ಕೈಗೆ ಮುಚ್ಚಳ ಕೊಟ್ಟೆ, ಮಾವನ ಕೈಗೆ ಗಡಿಯಾರ. ನಾನು ಬೋಲ್ಟು ಹಿಡಿದೆ. ಮಾವ ಹದಿನೈದು ಸೆಕೆಂಡಿಗೊಮ್ಮೆ "ಹೂಂ" ಅನ್ನುತ್ತಿದ್ದ, ನಾನು ಕಾಲು ಸುತ್ತು ತಿರುಗಿಸುತ್ತಿದ್ದೆ. ಐದು ನಿಮಿಷ ಅಮ್ಮ ಕದಲಲಿಲ್ಲ, ಉಸಿರೂ ಬಿಟ್ಟಳೋ ಇಲ್ಲವೋ. ಎರಡು ಪ್ಲೇಟು ತೆಗೆದೆವು. ಎರಡನೆಯದರಲ್ಲಿ ನಾನು ಸ್ವಲ್ಪ ಅಲುಗಾಡಿಸಿದೆ ಅಂತ ಅನುಮಾನ.

ಒಂದು ವಿಷಯ ಇದೆ ಅಪ್ಪ. ಧೂಮಕೇತುವಿನಲ್ಲಿ ನಾನೊಂದು ವಿಚಿತ್ರ ಕಂಡೆ. ಅಮ್ಮನೂ ಕಂಡಳು. ಮಾವ "ಇಲ್ಲ, ನಿಮ್ಮ ಕಣ್ಣಿನ ನೀರು" ಅಂದ. ಕಾರ್ಖಾನೆಯಲ್ಲಿ ಹೇಳಿದರೆ ನಮ್ಮ ಸೂಪರ್‌ವೈಸರ್ ಪುರುಷೋತ್ತಮ ಎಲ್ಲರೆದುರು ನಕ್ಕರು. "ಪ್ಲೇಟು ಬರ್ಲಿ ಸಾರ್, ಆಮೇಲೆ ನಗಿ" ಅಂದಿದ್ದೇನೆ. ಏನು ಕಂಡೆ ಅಂತ ನಿಮಗೆ ಬರೆಯುವುದಿಲ್ಲ. ಬರೆದರೆ ನೀವೂ ಅದನ್ನೇ ಹುಡುಕುತ್ತೀರಿ. ಪ್ಲೇಟು ತಾನಾಗಿ ಹೇಳಲಿ.

ಡಬ್ಬಿ ನಾಳೆ ಪಾರ್ಸೆಲ್ಲಿಗೆ ಹಾಕುತ್ತೇನೆ. ಹತ್ತಿ ಅಮ್ಮ ತುಂಬಿದಳು.

ಗಂಗು


ಹಾಸನ
9-5-1957

ಚಿರಂಜೀವಿ ಗಂಗು,

ಒಂದು ಪ್ಲೇಟು ದಾರಿಯಲ್ಲಿ ಒಡೆದಿದೆ. ಅದು ಅಲುಗಿದ್ದೇ ಇರಬೇಕು, ಹೋಗಲಿ. ಇನ್ನೊಂದು ಬಂತು. ಹೇಗೆ ಬಂತು ಅಂತ ಹೇಳಲಿ! ತೊಟ್ಟಿಯಲ್ಲಿ ಅದು ನಿಧಾನವಾಗಿ ಮೂಡಿದಾಗ ನಾನು ಮಾಲೀಕರನ್ನು ಕೂಗಿ ಕರೆದೆ. ಸ್ಟುಡಿಯೋದವರೆಲ್ಲ ಬಂದು ನೋಡಿದರು. "ನನ್ನ ಮಗಳು ತೆಗೆದದ್ದು" ಅಂದೆ. ಗುಜರಿ ಲೆನ್ಸು, ಗಾಡಿ ಮಾಡುವವನ ಪೆಟ್ಟಿಗೆ ಅಂದರೆ ಯಾರೂ ನಂಬಲಿಲ್ಲ.

ಆದರೆ ನಿನ್ನ ಅಂಗಡಿಯವನು ಹಳೇ ಮಾಲು ಕೊಟ್ಟಿದ್ದಾನೆ. ಪ್ಲೇಟಿನ ತುಂಬಾ ಧೂಳು ಕೂತ ಹಾಗೆ ಸಣ್ಣ ಸಣ್ಣ ಕಣ. ನೂರಾರು. ಕಣ್ಣಿಗೆ ಕಾಣುವಂಥ ನಾಲ್ಕು ದೊಡ್ಡ ನಕ್ಷತ್ರ ಇದ್ದವು, ಅವನ್ನು ಬಿಟ್ಟೆ. ಉಳಿದದ್ದನ್ನೆಲ್ಲ ತೆಗೆದೆ. ಧೂಮಕೇತುವಿನ ತಲೆಯ ಮುಂದೆಯೂ ಸೂಜಿಯಂಥ ಒಂದು ಗೀರು ಬಿದ್ದಿತ್ತು, ಚೌಕಟ್ಟಿಗೆ ಉಜ್ಜಿರಬೇಕು. ಅದನ್ನೂ ಚಾಕುವಿನಲ್ಲಿ ಕೆರೆದು ಸಮ ಮಾಡಿದೆ. ಗಿರಾಕಿಗಳ ಕೆಲಸ ಪಕ್ಕಕ್ಕಿಟ್ಟು ನಾಲ್ಕು ಮಧ್ಯಾಹ್ನ ಕೂತೆ. ಈಗ ಭೂತಗನ್ನಡಿ ಹಿಡಿದರೂ ಒಂದು ದೋಷ ಸಿಗದು. ಇಷ್ಟು ಶುದ್ಧವಾದ ಕೆಲಸ ನಾನು ಇಪ್ಪತ್ತೆಂಟು ವರ್ಷದಲ್ಲಿ ಮಾಡಿಲ್ಲ.

ದೊಡ್ಡ ಪ್ರಿಂಟು ಹಾಕಿ ಕಳಿಸಿದ್ದೇನೆ. ನಿಮ್ಮಮ್ಮನಿಗೂ ತೋರಿಸು.

ನಿನ್ನ ಅಪ್ಪ


ರಾಜಾಜಿನಗರ
14-5-1957

ಅಪ್ಪ,

ಪ್ರಿಂಟು ಬಂತು. ಅಮ್ಮ ನೋಡಿದಳು. ಮುಖ ಕೆಳಗೆ ಮಾಡಿ ಇಟ್ಟು ಒಳಗೆ ಹೋದಳು.

ನಾನು ಬರೆಯದೆ ಇಟ್ಟ ವಿಷಯ ಇದು: ಧೂಮಕೇತುವಿಗೆ ಮುಂದಕ್ಕೂ ಒಂದು ಬಾಲ ಇತ್ತು. ಸೂರ್ಯನ ಕಡೆಗೆ ಚಾಚಿದ್ದು. ಸೂಜಿಯ ಹಾಗೆ.

"ಮುಂದಕ್ಕೆ ಬಾಲ ಇರೋ ಪ್ರಾಣಿ ಯಾವ್ದಮ್ಮ?" ಅಂತ ಪುರುಷೋತ್ತಮ ಇವತ್ತೂ ಕೇಳಿದರು. ಪ್ರಿಂಟು ತೋರಿಸಲಿಲ್ಲ. ತೋರಿಸಿದರೆ ಅವರೇ ಗೆದ್ದ ಹಾಗೆ.

ಆ ನೂರಾರು ಕಣ ಕೂಡ ಧೂಳಲ್ಲ ಅಪ್ಪ, ನಕ್ಷತ್ರ. ಲೆನ್ಸಿನ ಕಣ್ಣು ನಮ್ಮ ಕಣ್ಣಿಗಿಂತ ದೊಡ್ಡದು ಅಂತ ನೀವೇ ತಾನೇ ಆರಿಸಲು ಹೇಳಿದ್ದು?

ತಪ್ಪು ನನ್ನದೂ ಇದೆ. ಏನು ಕಂಡೆ ಅಂತ ಮೊದಲೇ ಬರೆಯಬೇಕಿತ್ತು. ನಮ್ಮ ಮನೆಯಲ್ಲಿ ಯಾರೂ ಏನನ್ನೂ ಮೊದಲೇ ಹೇಳುವುದಿಲ್ಲ.

ಗಂಗು


ಹಾಸನ
23-6-1957

ಗಂಗು,

ನಿನ್ನ ಕಾಗದ ಬಂದು ಒಂದು ತಿಂಗಳ ಮೇಲಾಯಿತು. ಮೂರು ಸಲ ಬರೆದು ಹರಿದೆ.

ಮೊದಲು ನಿನ್ನನ್ನು ನಂಬಲಿಲ್ಲ. ನನ್ನ ಕೆಲಸಕ್ಕೆ ಹೆಸರಿಟ್ಟಳು ಅಂತ ಸಿಟ್ಟು ಬಂತು. ಆಮೇಲೆ ಒಡೆದ ಪ್ಲೇಟಿನ ಚೂರುಗಳನ್ನು ಹುಡುಕಿದೆ. ಕಸದ ಡಬ್ಬಿಗೆ ಹಾಕಿರಲಿಲ್ಲ, ಪುಣ್ಯಕ್ಕೆ. ಅಂಗೈಯಷ್ಟು ಅಗಲದ ಒಂದು ಚೂರಿನಲ್ಲಿ ಧೂಮಕೇತುವಿನ ತಲೆ ಇದೆ, ಬಾಲ ಇಲ್ಲ. ಅದನ್ನು ತೊಳೆದಿದ್ದೆನೇ ಹೊರತು ಕೈ ಹಾಕಿರಲಿಲ್ಲ. ಒಡೆಯದ ಪ್ಲೇಟು ತೊಳೆದ ದಿನ, ತಿದ್ದುವ ಮೊದಲು ಮಾಲೀಕರಿಗೆಂದು ಒಂದು ಸಣ್ಣ ಪ್ರಿಂಟು ಹಾಕಿದ್ದೆ, ಒದ್ದೆಯಲ್ಲಿ ಸುಕ್ಕಾದದ್ದು. ಕಣಗಳು ಕಾಣುತ್ತವೆ, ಮುಂದಿನ ಗೀರು ಇರುವಲ್ಲಿ ಸುಕ್ಕು ಬಿದ್ದಿದೆ. ಅದನ್ನು ಚೂರಿನ ಪಕ್ಕ ಇಟ್ಟು ನೋಡಿದೆ.

ಕಣಗಳೆಲ್ಲ ಎರಡರಲ್ಲೂ ಒಂದೇ ಜಾಗದಲ್ಲಿವೆ. ಧೂಳು ಎರಡು ಸಲ ಒಂದೇ ಜಾಗದಲ್ಲಿ ಬೀಳುವುದಿಲ್ಲ. ಚೂರಿನಲ್ಲಿ ತಲೆಯ ಮುಂದೆ ಸೂಜಿಯೂ ಇದೆ. ನಾನು ಕೆರೆದ ಜಾಗದಲ್ಲೇ.

ನೀನು ಕಂಡದ್ದು ಸರಿ. ನಿಮ್ಮಮ್ಮ ಕಂಡದ್ದೂ ಸರಿ. ನಾನು ಆ ವಾರ ಒಂದು ಸಂಜೆಯೂ ಹೊರಗೆ ಬಂದು ಆಕಾಶ ನೋಡಲಿಲ್ಲ. ಕಿಟಕಿ ಮುಚ್ಚಿಕೊಂಡು ಮದುವೆ ಫೋಟೋ ತಿದ್ದುತ್ತಿದ್ದೆ.

ನಿನ್ನ ಆ ಫೋಟೋಕ್ಕೆ ಎಷ್ಟು ದಿನ ಕೂತಿದ್ದಿರಿ ಅಂತ ನೀನು ಕೇಳಿದ್ದೆ. ಆರು ದಿನ. ಮೋಸ ಮಾಡಬೇಕು ಅಂತ ಕೂರಲಿಲ್ಲ. ಯಾರ ಮುಖ ಬಂದರೂ ನನ್ನ ಕೈ ಹುಡುಕುವುದು ಕಲೆಯನ್ನೇ. ಮಗಳ ಮುಖ ಅಂತ ಇನ್ನಷ್ಟು ಶ್ರದ್ಧೆಯಿಂದ ಹುಡುಕಿತು.

ನಾನು ಹೊರಟದ್ದು ನಿಮ್ಮಮ್ಮ ಬಯ್ದಳು ಅಂತ ಅಲ್ಲ. ಕೆಂಗೇರಿಯವರು "ಫೋಟೋದಲ್ಲಿರುವ ಹುಡುಗಿಯನ್ನು ಕರೆಯಿರಿ" ಅಂದರಲ್ಲ, ಆಗ ಒಂದು ಗಳಿಗೆ ನಾನೂ ತಿರುಗಿ ಒಳಬಾಗಿಲ ಕಡೆ ನೋಡಿದೆ. ಆರು ದಿನ ಅವಳನ್ನೇ ನೋಡಿದ್ದೆನಲ್ಲ, ಅವಳು ಬರುತ್ತಾಳೆ ಅಂತ. ನಾನು ಹಾಗೆ ನೋಡಿದ್ದನ್ನು ನೀನು ನೋಡಿದೆ. ಆಮೇಲೆ ನಿನ್ನ ಎದುರು ಕೂತು ಊಟ ಮಾಡುವುದು ನನ್ನಿಂದ ಆಗಲಿಲ್ಲ.

ಚೂರನ್ನು ಪೋಸ್ಟಿಗೆ ಹಾಕಲು ಧೈರ್ಯ ಇಲ್ಲ. ಇನ್ನೊಮ್ಮೆ ಒಡೆದರೆ ಏನೂ ಉಳಿಯುವುದಿಲ್ಲ. ನನ್ನ ಹತ್ತಿರ ಇದೆ.

ಅಪ್ಪ


ರಾಜಾಜಿನಗರ
18-8-1957

ಅಪ್ಪ,

ನಾನೂ ತಡಮಾಡಿದೆ. ಹರಿದದ್ದು ಎಷ್ಟು ಸಲ ಅಂತ ಕೇಳಬೇಡಿ, ಕಾಗದಕ್ಕೆ ಖರ್ಚಾದ ದುಡ್ಡಿನಲ್ಲಿ ಅರ್ಧ ಡಜನ್ ಪ್ಲೇಟು ಬರುತ್ತಿತ್ತು.

ನಾನು ನೋಡಿರಲಿಲ್ಲ ಅಪ್ಪ. ನೀವು ಒಳಬಾಗಿಲ ಕಡೆ ತಿರುಗಿದ್ದನ್ನು ನಾನು ನೋಡಲೇ ಇಲ್ಲ. ನನ್ನ ಕಣ್ಣೆಲ್ಲ ತಟ್ಟೆಯ ಮೇಲಿತ್ತು, ಕಾಫಿ ಚೆಲ್ಲಬಾರದು ಅಂತ. ನಾನು ನೋಡದ ಒಂದು ವಿಷಯಕ್ಕೆ ನೀವು ಒಂದೂಮುಕ್ಕಾಲು ವರ್ಷ ಹಾಸನದಲ್ಲಿ ಹೋಟೆಲ್ ಊಟ ಮಾಡಿದ್ದೀರಿ. ಈಗ ನೀವೇ ಹೇಳಿದ್ದರಿಂದ ಗೊತ್ತಾಯಿತು. ನೋವಾಯಿತು. ಎರಡು ದಿನ ಕೆಲಸದಲ್ಲಿ ಸುತ್ತಿನ ಲೆಕ್ಕ ತಪ್ಪಿತು, ಮೂರನೇ ದಿನ ಸರಿಹೋಯಿತು.

ನನ್ನ ಮುಖದ ಕಲೆ ವಿಷಯಕ್ಕೆ ದೊಡ್ಡ ಮಾತೆಲ್ಲ ಆಡಬೇಡಿ. ಅದು ನಕ್ಷತ್ರವೂ ಅಲ್ಲ, ದೋಷವೂ ಅಲ್ಲ. ಬೇಸಗೆಯಲ್ಲಿ ಕಡಿತ ಬರುತ್ತದೆ, ಅಷ್ಟೇ.

ಅಮ್ಮನಿಗೆ ನಿಮ್ಮ ಕಾಗದ ಓದಿ ಹೇಳಿದೆ. ಪೂರ್ತಿ. "ನಾನು ಕಂಡಿದ್ದೂ ಸರಿ ಅಂತ ಬರ್ದವ್ರಾ? ಇನ್ನೊಂದ್ ಸಲ ಓದು" ಅಂದಳು. ಆ ಸಾಲು ಮೂರು ಸಲ ಓದಿಸಿದಳು.

ಇನ್ನೊಂದು ಧೂಮಕೇತು ಬಂದಿದೆ, ಕೇಳಿದಿರಾ? ಈ ತಿಂಗಳೇ. ಯಾರೂ ಮುಂಚೆ ಹೇಳಿರಲಿಲ್ಲವಂತೆ. ಇಲ್ಲಿ ದಿನವೂ ಮೋಡ. ಮಾವ ಮತ್ತು ನಾನು ಕೆರೆ ಏರಿ ಮೇಲೆ ಛತ್ರಿ ಹಿಡಿದು ಕೂತು ಬರುತ್ತಿದ್ದೇವೆ.

ನಿಜವಾದ ವಿಷಯ ಇನ್ನೂ ಬರೆದಿಲ್ಲ. ಮಾಗಡಿ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗನ ಹೆಸರು ರೇವಣಸಿದ್ದಯ್ಯ, ಪ್ರೈಮರಿ ಸ್ಕೂಲಿನ ಮೇಷ್ಟ್ರು. ಫೋಟೋ ಕಳಿಸಿ ಅಂದಿದ್ದಾರೆ. ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಒಪ್ಪುತ್ತಾರೋ ಬಿಡುತ್ತಾರೋ ಅದು ಅವರ ಇಷ್ಟ, ಒಪ್ಪಿದರೂ ನಾನು ಒಪ್ಪಬೇಕು. ಆದರೆ ಈ ಸಲ ಹೋಗುವುದು ನನ್ನ ಫೋಟೋ ಆಗಿರಬೇಕು.

ಅದಕ್ಕೆ ಮೊನ್ನೆ ಭಾನುವಾರ ಅದೇ ಕ್ಯಾಮೆರಾದ ಮುಂದೆ ನಾನೇ ಕೂತೆ, ಮಾವನ ಗಾಡಿ ಕೊಟ್ಟಿಗೆಯ ನೆರಳಿನಲ್ಲಿ. ಹಗಲಿನ ಬೆಳಕು ಜಾಸ್ತಿ ಅಂತ ಲೆನ್ಸಿಗೆ ತೂತು ಮಾಡಿದ ಕಪ್ಪು ಕಾಗದ ಹಚ್ಚಿದೆ. ಮುಚ್ಚಳ ತೆಗೆದು ಹಾಕಿದವಳು ಅಮ್ಮ. ಮಾವ "ನಗವ್ವ, ಧ್ರುವ ಜಗಲಿ ಮೇಲವ್ನೆ" ಅಂದುಬಿಟ್ಟ, ನಕ್ಕುಬಿಟ್ಟೆ. ಅದೂ ಬಂದಿರುತ್ತದೆ.

ಪ್ಲೇಟು ಇಲ್ಲೇ ಇದೆ, ತೊಳೆದಿಲ್ಲ. ಪಾರ್ಸೆಲ್ ಮಾಡುವುದಿಲ್ಲ. ಬೇರೆ ಸ್ಟುಡಿಯೋಗೂ ಕೊಡುವುದಿಲ್ಲ. ಅಡಿಗೆಮನೆ ಕಿಟಕಿಗೆ ಕಂಬಳಿ ಕಟ್ಟಿದರೆ ಕತ್ತಲೆ ಕೋಣೆ ಆಗುತ್ತದೆ ಅಂತ ಅಮ್ಮನೇ ಹೇಳಿದಳು. ಬರುವಾಗ ಆ ಗಾಜಿನ ಚೂರನ್ನೂ ತನ್ನಿ, ಪುರುಷೋತ್ತಮ ಸಾರ್ ನಗು ನಿಲ್ಲಿಸುವುದು ಬಾಕಿ ಇದೆ.

ನಿಮ್ಮ ಮಗಳು,
ಗಂಗು

ಸಹಿ ಹಾಕಿದ ಮೇಲೆ ಇನ್ನೊಂದು ಮಾತು. ಫೋಟೋವನ್ನು ಮಾಗಡಿಗೆ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಡಬೇಕಾದವರು ಹೆಣ್ಣಿನ ತಂದೆ. ಪೆನ್ಸಿಲ್ಲು, ಚಾಕು ಎರಡನ್ನೂ ಮುಟ್ಟದೆ ನನ್ನ ಮುಖವನ್ನು ತೊಳೆದು, ಒಣಗಿಸಿ, "ಇವಳೇ ನನ್ನ ಮಗಳು" ಅಂತ ಅವರ ಮುಂದೆ ಇಡಲು ನಿಮ್ಮಿಂದ ಆಗುತ್ತದಾ ಅಪ್ಪ?